ನಾಲ್ಕು ಮೊಳದ ನೋಟ: ಈರ್ಯಾಸಮಿತಿ ಮತ್ತು ಶ್ರಾವಕನ ನಡೆ

ಜಿನಾಗಮವು ಮುನಿಗಳ ಚಾರಿತ್ರವನ್ನು ಹದಿಮೂರು ವಿಧವೆಂದು ನಿರೂಪಿಸುತ್ತದೆ. ಐದು ಮಹಾವ್ರತಗಳು, ಐದು ಸಮಿತಿಗಳು, ಮೂರು ಗುಪ್ತಿಗಳು. ಇವುಗಳಲ್ಲಿ ಅಹಿಂಸೆ, ಸತ್ಯ, ಅಪರಿಗ್ರಹಗಳ ಹೆಸರು ಜೈನೇತರರಿಗೂ ಪರಿಚಿತ. ಸಮಿತಿಗಳ ಮಾತು ಬಂದಾಗ ಮಾತ್ರ ಶ್ರಾವಕರು ಅವನ್ನು ಮುನಿಗಳಿಗೆ ಸೇರಿದ ವಿಷಯವೆಂದು ಬಿಟ್ಟುಬಿಡುವುದುಂಟು. ಅದರಲ್ಲಿಯೂ ಮೊದಲನೆಯದಾದ ಈರ್ಯಾಸಮಿತಿ ಮೇಲುನೋಟಕ್ಕೆ ಅತಿ ಸಣ್ಣ ನಿಯಮ. ನಡೆಯುವಾಗ ನೋಡಿ ನಡೆಯಬೇಕು ಎಂಬಷ್ಟೇ ಅದರ ಅರ್ಥವೆಂದು ತೋರುತ್ತದೆ. ಮಗು ಒಂದು ವರ್ಷದ ಆಸುಪಾಸಿನಲ್ಲಿ ತಾನಾಗಿಯೇ ಕಲಿಯುವ ನಡಿಗೆಯನ್ನು, ಸಂಸಾರವನ್ನೇ ತೊರೆದು ಬಂದ ವಿರಾಗಿಗೆ ಧರ್ಮವು ಮತ್ತೆ ಮೊದಲಿನಿಂದ ಕಲಿಸುವುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವನಿಗೆ ಹಿಂಸೆ ಎಂದರೆ ನಿಜವಾಗಿ ಏನೆಂಬ ವಿಚಾರವೇ ಎದುರಾಗುತ್ತದೆ.

'ಈರ್ಯಾ' ಎಂದರೆ ಗಮನ, ಹೋಗುವಿಕೆ. 'ಸಮಿತಿ' ಎಂದರೆ ಸಮ್ಯಕ್ ಪ್ರವೃತ್ತಿ. ಗುಪ್ತಿಯು ಮನ, ವಚನ, ಕಾಯಗಳನ್ನು ಹಿಂದಕ್ಕೆಳೆದು ನಿಲ್ಲಿಸುವ ನಿವೃತ್ತಿಯಾದರೆ, ಸಮಿತಿಯು ಮಾಡಲೇಬೇಕಾದ ಕ್ರಿಯೆಯನ್ನು ಎಚ್ಚರದಿಂದ ಮಾಡುವ ಪ್ರವೃತ್ತಿ. ದೇಹವಿರುವವರೆಗೆ ಮುನಿಯೂ ನಡೆಯಬೇಕು, ಮಾತನಾಡಬೇಕು, ಆಹಾರ ಸ್ವೀಕರಿಸಬೇಕು, ವಸ್ತುವನ್ನು ಎತ್ತಿ ಇಡಬೇಕು, ಮಲಮೂತ್ರಗಳನ್ನು ವಿಸರ್ಜಿಸಬೇಕು. ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ, ಉತ್ಸರ್ಗ ಎಂಬ ಐದು ಸಮಿತಿಗಳು ಈ ಐದು ಅನಿವಾರ್ಯ ಕ್ರಿಯೆಗಳನ್ನೇ ಆಶ್ರಯಿಸಿವೆ. ಐದು ಸಮಿತಿಗಳನ್ನೂ ಮೂರು ಗುಪ್ತಿಗಳನ್ನೂ ಕೂಡಿಸಿ ಪೂರ್ವಾಚಾರ್ಯರು ಅಷ್ಟಪ್ರವಚನಮಾತೃಕೆಗಳೆಂದು ಕರೆದಿದ್ದಾರೆ. ತಾಯಿಯು ಮಗುವನ್ನು ಕಾಯುವಂತೆ ಇವು ವ್ರತಗಳನ್ನು ಕಾಯುತ್ತವೆ ಎಂಬುದು ಆ ಹೆಸರಿನ ಆಶಯ. ಧ್ಯಾನದಲ್ಲಿ ಕುಳಿತಾಗ ಮಾತ್ರವಲ್ಲ, ಎದ್ದು ಹೊರಟಾಗಲೂ ಧರ್ಮವು ಜೊತೆಯಲ್ಲಿರಬೇಕು.

ವಟ್ಟಕೇರಾಚಾರ್ಯರ ಮೂಲಾಚಾರವು ಈರ್ಯಾಸಮಿತಿಗೆ ನಾಲ್ಕು ಶುದ್ಧಿಗಳನ್ನು ಹೇಳುತ್ತದೆ. ಮೊದಲನೆಯದು ಮಾರ್ಗಶುದ್ಧಿ: ಜನರು, ದನಗಳು, ಗಾಡಿಗಳು ಸಂಚರಿಸಿ ಪ್ರಾಸುಕವಾದ ದಾರಿಯಲ್ಲಿಯೇ ನಡೆಯಬೇಕು, ಹಸಿರನ್ನು ತುಳಿಯುವ ಹತ್ತಿರದ ದಾರಿಗಿಂತ ಬಳಕೆಯ ದೂರದ ದಾರಿ ಮೇಲು. ಎರಡನೆಯದು ಉದ್ಯೋತಶುದ್ಧಿ: ಸೂರ್ಯನ ಬೆಳಕಿನಲ್ಲಿ ನಡೆಯಬೇಕು. ಮೂರನೆಯದು ಉಪಯೋಗಶುದ್ಧಿ: ಚಿತ್ತವು ನಡಿಗೆಯಲ್ಲಿಯೇ ನೆಟ್ಟಿರಬೇಕು. ನಾಲ್ಕನೆಯದು ಆಲಂಬನಶುದ್ಧಿ: ಹೊರಡಲು ತೀರ್ಥವಂದನೆ, ಗುರುದರ್ಶನ, ಆಹಾರ ಮೊದಲಾದ ಯೋಗ್ಯ ಕಾರಣವಿರಬೇಕು. ಇವೆಲ್ಲದರ ಜೊತೆಗೆ ದೃಷ್ಟಿಯು ಮುಂದಿನ ನಾಲ್ಕು ಮೊಳದಷ್ಟು ನೆಲದ ಮೇಲಿರಬೇಕೆಂಬ ಪ್ರಸಿದ್ಧ ನಿಯಮವಿದೆ.

ನಾಲ್ಕು ಮೊಳವೇ ಏಕೆ? ಮೊಳವೊಂದಕ್ಕೆ ಒಂದೂವರೆ ಅಡಿಯೆಂದರೆ ಇದು ಸುಮಾರು ಆರು ಅಡಿ. ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಡೆಯುವವನು ಈ ದೂರವನ್ನು ಹೆಚ್ಚುಕಡಿಮೆ ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಎತ್ತಿದ ಪಾದವನ್ನು ಬೇರೆಡೆ ಇಡಲು ಇಷ್ಟು ಅವಕಾಶ ಸಾಕು. ಇದಕ್ಕಿಂತ ಹತ್ತಿರ ನೋಡಿದರೆ ಕಂಡರೂ ಕಾಲು ನಿಲ್ಲದು. ಇದಕ್ಕಿಂತ ಬಹುದೂರ ನೋಡಿದರೆ ಇರುವೆಯಂತಹ ಸೂಕ್ಷ್ಮ ಜೀವಿ ಕಾಣದು. ನೋಟ ಮತ್ತು ಪಾದ ಒಂದಕ್ಕೊಂದು ಉತ್ತರ ಕೊಡಬಲ್ಲ ದೂರವನ್ನೇ ನಿಯಮವು ಆರಿಸಿಕೊಂಡಿದೆ. ನಡೆಯುವವನಿಗೆ ತನ್ನ ವೇಗವು ತನ್ನ ನೋಟವನ್ನು ಮೀರಬಾರದೆಂಬ ಪಾಠ ಇದರಲ್ಲಿದೆ.

ಇನ್ನು ತಾತ್ತ್ವಿಕ ಪ್ರಶ್ನೆಗೆ ಬರಬಹುದು. ಇಬ್ಬರು ಒಂದೇ ದಾರಿಯಲ್ಲಿ ನಡೆಯುತ್ತಾರೆ. ಒಬ್ಬನು ಬೆಳಕಿನಲ್ಲಿ, ನೆಲವನ್ನು ನೋಡುತ್ತ, ಮೆಲ್ಲನೆ ನಡೆಯುತ್ತಾನೆ. ಆದರೂ ಅವನು ಪಾದವಿಡುವ ಕ್ಷಣದಲ್ಲಿ ಒಂದು ಕೀಟವು ಹಾರಿಬಂದು ಕಾಲಡಿಗೆ ಸಿಕ್ಕಿ ಸಾಯುತ್ತದೆ. ಇನ್ನೊಬ್ಬನು ಯಾವುದೋ ಹರಟೆಯಲ್ಲಿ ಮುಳುಗಿ ಎತ್ತಲೋ ನೋಡುತ್ತ ನಡೆಯುತ್ತಾನೆ. ದೈವವಶಾತ್ ಅವನ ಕಾಲಡಿ ಒಂದು ಜೀವಿಯೂ ಸಿಗುವುದಿಲ್ಲ. ಇವರಲ್ಲಿ ಹಿಂಸಕನಾರು? ಲೋಕವು ಫಲವನ್ನು ನೋಡಿ ಮೊದಲನೆಯವನತ್ತ ಬೆರಳು ತೋರಿಸೀತು. ಜೈನಾಚಾರ್ಯರ ತೀರ್ಪು ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಮಾತ್ರ ಹೇಳದೆ, ಪ್ರಮಾದದಿಂದ ಕೂಡಿದ ಯೋಗವನ್ನು ಅದಕ್ಕೆ ಕಾರಣವಾಗಿ ಮುಂದಿಡುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ನಿಷ್ಠುರವಾಗಿ, ಜೀವಿಯು ಸಾಯಲಿ ಬದುಕಲಿ, ಅಯತ್ನದಿಂದ ವರ್ತಿಸುವವನಿಗೆ ಹಿಂಸೆಯು ನಿಶ್ಚಿತವೆಂದೂ, ಸಮಿತಿಯುಳ್ಳ ಯತ್ನಪರನಿಗೆ ಕೇವಲ ಬಾಹ್ಯ ಘಾತದಿಂದ ಬಂಧವಿಲ್ಲವೆಂದೂ ತಿಳಿಸುತ್ತಾರೆ.

ಈ ತೀರ್ಪಿಗೆ ಒಂದು ಬಲವಾದ ಆಕ್ಷೇಪವುಂಟು. ಸತ್ತ ಕೀಟಕ್ಕೆ ತುಳಿದವನ ಭಾವದಿಂದ ಆಗುವ ಲಾಭವೇನು? ಅದು ಸತ್ತದ್ದು ಸತ್ತದ್ದೇ. ಅಲ್ಲದೆ ಭಾವವೇ ಪ್ರಮಾಣವೆಂದರೆ, ಪ್ರತಿಯೊಬ್ಬನೂ 'ಕೊಲ್ಲುವ ಉದ್ದೇಶ ತನಗಿರಲಿಲ್ಲ' ಎಂದು ಹೇಳಿ ಪಾರಾಗಲಾರನೇ?

ಆಕ್ಷೇಪದ ಎರಡನೆಯ ಭಾಗಕ್ಕೆ ಉತ್ತರವು ನಾಲ್ಕು ಶುದ್ಧಿಗಳಲ್ಲಿಯೇ ಇದೆ. ಉದ್ದೇಶವಿಲ್ಲದಿರುವುದು ಬೇರೆ, ಯತ್ನವಿರುವುದು ಬೇರೆ. ಹರಟುತ್ತ ನಡೆದವನಿಗೂ ಕೊಲ್ಲುವ ಉದ್ದೇಶವಿರಲಿಲ್ಲ. ಆದರೂ ಶಾಸ್ತ್ರವು ಅವನನ್ನು ಬಿಡಲಿಲ್ಲ. ಯತ್ನವೆಂಬುದು ಎದೆಯೊಳಗೆ ಅಡಗಿ ಕೂತ ಸದ್ಭಾವನೆಯಲ್ಲ. ಅದಕ್ಕೆ ಹೊರಗಿನ ಗುರುತುಗಳಿವೆ. ಬೆಳಕಿತ್ತೇ? ದಾರಿ ಯೋಗ್ಯವಾಗಿತ್ತೇ? ಹೊರಡಲು ಕಾರಣವಿತ್ತೇ? ಕಣ್ಣೂ ಮನಸ್ಸೂ ನೆಲದ ಮೇಲಿದ್ದವೇ? ಈ ನಾಲ್ಕಕ್ಕೂ ಹೌದೆನ್ನಲಾಗದವನು ಸದುದ್ದೇಶದ ಮಾತನ್ನು ಆಡುವಂತಿಲ್ಲ. ಜೈನ ನೀತಿಯು ಭಾವಕ್ಕೆ ಪ್ರಾಧಾನ್ಯ ಕೊಟ್ಟಿತೆಂಬುದು ನಿಜ. ಆದರೆ ಆ ಭಾವವು ಪಾದದಲ್ಲಿ ಕಾಣಿಸಿಕೊಳ್ಳಬೇಕೆಂದೂ ಅದು ವಿಧಿಸಿತು.

ಮೊದಲನೆಯ ಭಾಗ ಇನ್ನೂ ಗಂಭೀರ. ಅದಕ್ಕೆ ಉತ್ತರವು ಈರ್ಯಾಪಥಶುದ್ಧಿಯ ಆಚರಣೆಯಲ್ಲಿದೆ. ದೇವವಂದನೆ, ಸಾಮಾಯಿಕಗಳ ಮೊದಲು, ಬಂದು ಹೋಗುವ ದಾರಿಯಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಯಾವ ಜೀವಿಗೆ ನೋವಾಗಿದ್ದರೂ ಆ ದೋಷವು ಮಿಥ್ಯೆಯಾಗಲೆಂದು ಪ್ರಾರ್ಥಿಸುವ ಪದ್ಧತಿಯಿದೆ. ಯತ್ನದಿಂದ ನಡೆದ ಮುನಿಯೂ ಇದನ್ನು ಮಾಡುತ್ತಾನೆ. ಬಂಧವಿಲ್ಲವೆಂದು ಶಾಸ್ತ್ರವೇ ಹೇಳಿದ ಮೇಲೆ ಅವನು ಕ್ಷಮೆ ಕೇಳುವುದೇಕೆ? ಏಕೆಂದರೆ ಅವನ ಎಚ್ಚರವು ತನ್ನನ್ನು ಪಾಪದಿಂದ ಉಳಿಸಿಕೊಳ್ಳುವ ಗೋಡೆ ಮಾತ್ರವಾಗಿರಲಿಲ್ಲ. ಅದು ಎದುರಿನ ಜೀವಿಯ ಮೇಲಿನ ಕರುಣೆಯಾಗಿತ್ತು. ತನ್ನ ಲೆಕ್ಕ ಸರಿಯಿದೆಯೆಂದು ಸಮಾಧಾನಪಡುವವನು ಸತ್ತ ಕೀಟವನ್ನು ತಿರುಗಿ ನೋಡುವುದಿಲ್ಲ. ನಿಜವಾಗಿ ಯತ್ನವಿದ್ದವನು ನೋಡುತ್ತಾನೆ, ಮರುಗುತ್ತಾನೆ, ಮುಂದಿನ ಹೆಜ್ಜೆಯನ್ನು ಇನ್ನಷ್ಟು ಮೆಲ್ಲಗೆ ಇಡುತ್ತಾನೆ. ದೋಷವಿಲ್ಲದವನೂ ಕ್ಷಮೆ ಕೇಳುವ ಈ ವಿಧಿಯೇ, ನಿರ್ದೋಷಿಯೆಂಬ ಅಹಂಕಾರದಿಂದ ಅಹಿಂಸೆಯನ್ನು ಕಾಪಾಡುತ್ತದೆ.

ಇಂದು ಲೋಕದಲ್ಲೆಲ್ಲ 'ಮೈಂಡ್‌ಫುಲ್‌ನೆಸ್' ಎಂಬ ಮಾತು ಪ್ರಚಾರದಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ಬೌದ್ಧ ಸಾಧನಾಕ್ರಮಗಳನ್ನು ಆಧರಿಸಿ ಆರಂಭಿಸಿದ ಶಿಕ್ಷಣಕ್ರಮವು ಅದಕ್ಕೆ ಆಸ್ಪತ್ರೆಗಳಲ್ಲಿಯೂ ಸ್ಥಾನ ದೊರಕಿಸಿತು. ನಡೆಯುವಾಗ ಪಾದದ ಸ್ಪರ್ಶವನ್ನು, ಉಸಿರನ್ನು ಗಮನಿಸುವುದು ಅದರ ಒಂದು ಅಭ್ಯಾಸ. ಭಾರತದಲ್ಲಿ 1970ರ ದಶಕದಲ್ಲಿ ಆಚಾರ್ಯ ಮಹಾಪ್ರಜ್ಞರು ರೂಪಿಸಿದ ಪ್ರೇಕ್ಷಾಧ್ಯಾನವೂ ಮಾಡುವ ಕ್ರಿಯೆಯಲ್ಲಿಯೇ ಚಿತ್ತವನ್ನಿಡುವ 'ಭಾವಕ್ರಿಯೆ'ಗೆ ಮಹತ್ವ ಕೊಟ್ಟಿದೆ. ಇವುಗಳಿಂದ ಅನೇಕರಿಗೆ ನೆಮ್ಮದಿ ದೊರೆತಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒತ್ತಡ ಕಳೆಯುವುದಕ್ಕಾಗಿ ನಡೆಯುವವನ ಎಚ್ಚರಕ್ಕೂ ಈರ್ಯಾಸಮಿತಿಯ ಎಚ್ಚರಕ್ಕೂ ದಿಕ್ಕಿನಲ್ಲಿ ಭೇದವಿದೆ. ಮೊದಲನೆಯದು ನಡೆಯುವವನ ಮನಸ್ಸಿಗಾಗಿ. ಎರಡನೆಯದು ಕಾಲಡಿಯಲ್ಲಿರುವ ಜೀವಿಗಾಗಿ. ಈರ್ಯಾಸಮಿತಿಯಿಂದಲೂ ಮನಶ್ಶಾಂತಿ ಬರುತ್ತದೆ. ಆದರೆ ಅದು ಬೆಳೆಯ ಜೊತೆಗೆ ದೊರೆಯುವ ಹುಲ್ಲಿನಂತೆ. ಹುಲ್ಲಿಗಾಗಿ ರೈತನು ಹೊಲ ಬಿತ್ತುವುದಿಲ್ಲ.

ಮಹಾವ್ರತಿಗಳ ಈ ಸಮಿತಿಯು ಗೃಹಸ್ಥನಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ? ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಪೂರ್ಣವಾಗಿ ಬಿಡಲಾಗದ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಿ ಅಣುವ್ರತಿಯಾಗುತ್ತಾನೆ. ಆದರೂ ತತ್ತ್ವಾರ್ಥಸೂತ್ರವು ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಈರ್ಯಾಸಮಿತಿಯನ್ನೂ ಆದಾನನಿಕ್ಷೇಪಣವನ್ನೂ ನೋಡಿ ಉಣ್ಣುವುದನ್ನೂ ಸೇರಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುತ್ತ, ಕಾರಣವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದರ ಜೊತೆಗೆ, ವೃಥಾ ತಿರುಗುವುದನ್ನೂ ತಿರುಗಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಎಣಿಸಿದ್ದಾರೆ. ಇದು ಗೃಹಸ್ಥನಿಗೆಂದೇ ಹೇಳಿದ ಮಾತು. ಆದುದರಿಂದ ಹೆಜ್ಜೆಯ ಎಚ್ಚರವು ಮುನಿಗೆ ಮಹಾವ್ರತದ ಕವಚವಾದರೆ, ಶ್ರಾವಕನಿಗೆ ಅಣುವ್ರತದ ಬೇಲಿ.

ಹಳೆಯ ಜೈನ ಮನೆಗಳಲ್ಲಿ ಈ ಎಚ್ಚರವು ಉಪದೇಶವಾಗಿರದೆ ಕೈಯ ಅಭ್ಯಾಸವಾಗಿತ್ತು. ಒಲೆಗೆ ಇಡುವ ಮೊದಲು ಸೌದೆಯನ್ನು ನೆಲಕ್ಕೆ ಮೆಲ್ಲಗೆ ತಟ್ಟಿ ಹುಳುಗಳನ್ನು ಬಿಡಿಸುತ್ತಿದ್ದರು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಸೇರಿಸುತ್ತಿದ್ದರು. ಅಕ್ಕಿ ಬೇಳೆಗಳನ್ನು ಹಗಲಿನ ಬೆಳಕಿನಲ್ಲಿ ಆರಿಸುತ್ತಿದ್ದರು. ಮೃದುವಾದ ಪೊರಕೆಯಿಂದ ಗುಡಿಸುತ್ತಿದ್ದರು. ಈ ಕೆಲಸಗಳನ್ನು ಮಾಡುತ್ತಿದ್ದ ತಾಯಂದಿರಲ್ಲಿ ಅನೇಕರು ಶಾಸ್ತ್ರ ಓದಿದವರಲ್ಲ. ಆದರೆ ಮುನಿಗಳ ಪಿಂಛಿಯ ಹಿಂದಿರುವ ತತ್ತ್ವವು ಅವರ ಬೆರಳುಗಳಿಗೆ ತಿಳಿದಿತ್ತು. ನವಿಲುಗರಿಯ ಪಿಂಛಿಯಲ್ಲಿ ಐದು ಗುಣಗಳನ್ನು ಹೇಳುತ್ತಾರೆ: ಧೂಳನ್ನು ಹಿಡಿಯದು, ಬೆವರನ್ನು ಹೀರದು, ಮೃದು, ಸುಕುಮಾರ, ಹಗುರ. ಅನ್ಯಜೀವಿಯನ್ನು ಮುಟ್ಟಬೇಕಾದ ಕೈಯ ಗುಣಗಳೂ ಇವೇ ತಾನೇ?

ಎತ್ತುವ ಇಳಿಸುವ ಎಚ್ಚರಕ್ಕೆ ಕನ್ನಡನಾಡಿನ ಜನ ಮರೆಯದ ಒಂದು ಸನ್ನಿವೇಶವಿದೆ. ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ಭರತ ಬಾಹುಬಲಿ ಪ್ರಸಂಗದಲ್ಲಿ, ದೃಷ್ಟಿಯುದ್ಧ ಜಲಯುದ್ಧಗಳಲ್ಲಿ ಗೆದ್ದ ಬಾಹುಬಲಿಯು ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತುತ್ತಾನೆ. ಎತ್ತಿದವನು ಅಪ್ಪಳಿಸುವುದು ಮಲ್ಲರ ರೀತಿ. ಬಾಹುಬಲಿಯು ಅಪ್ಪಳಿಸದೆ ಇಳಿಸುತ್ತಾನೆ. ಗೆಲುವು ಕೈಯಲ್ಲಿದ್ದಾಗ, ಕೋಪಕ್ಕೆ ಕಾರಣವಿದ್ದಾಗ, ಎತ್ತಿಕೊಂಡದ್ದನ್ನು ಹೇಗೆ ಕೆಳಗಿಡಬೇಕೆಂಬ ವಿವೇಕ ಅವನಲ್ಲಿ ಜಾಗೃತವಾಗಿತ್ತು. ಅವನ ವೈರಾಗ್ಯವು ಅನಂತರ ಬಂತು. ಎಚ್ಚರವು ಮೊದಲು ಬಂತು. ಅಡುಗೆಮನೆಯಲ್ಲಿ ಪಾತ್ರೆಯನ್ನು ಸಿಟ್ಟಿನಿಂದ ಕುಕ್ಕುವವರು, ಬಾಗಿಲನ್ನು ಧಡಾರನೆ ಹಾಕುವವರು ಈ ಪ್ರಸಂಗವನ್ನು ಸ್ಮರಿಸುವುದು ಒಳ್ಳೆಯದು. ಕಷಾಯವು ಮಾತಿಗೆ ಬರುವ ಮೊದಲೇ ಕೈಕಾಲುಗಳಿಗೆ ಬರುತ್ತದೆ.

ಈ ಕಾಲದ ಪರಿಸ್ಥಿತಿ ಬೇರೆಯಾಗಿದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಮಾದವನ್ನು ಹದಿನೈದು ಬಗೆಯಾಗಿ ಎಣಿಸಿದ್ದಾರೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ ಮತ್ತು ಪ್ರಣಯ. ಹಿಂದೆ ವಿಕಥೆ ನಡೆಯಲು ನಾಲ್ಕು ಜನ ಸೇರಬೇಕಾಗಿತ್ತು. ಈಗ ಅಂಗೈಯಲ್ಲಿರುವ ದೂರವಾಣಿಯೊಂದೇ ರಾಜಕಥೆ, ಭೋಜನಕಥೆಗಳೆಲ್ಲವನ್ನೂ ನಡೆಯುವವನ ಕಣ್ಣಮುಂದೆ ತರುತ್ತದೆ. ಬಸದಿಯ ಮೆಟ್ಟಿಲು ಹತ್ತುವಾಗಲೂ ಅದರ ಮೇಲೆ ಕಣ್ಣು ನೆಟ್ಟವರಿದ್ದಾರೆ. ನೆಲವನ್ನು ನೋಡಬೇಕಾದ ನೋಟವು ನಾಲ್ಕು ಮೊಳದಿಂದ ಒಂದು ಗೇಣಿಗೆ ಇಳಿದಿದೆ.

ವಾಹನ ನಡೆಸುವವನ ಹೊಣೆ ಇನ್ನೂ ದೊಡ್ಡದು. ಪಾದಚಾರಿಯು ನಾಲ್ಕು ಮೊಳ ದಾಟುವ ಒಂದೂವರೆ ಸೆಕೆಂಡಿನಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದ ಕಾರು 25 ಮೀಟರ್ ಮುಂದೆ ಹೋಗಿರುತ್ತದೆ. ನೋಟವು ವೇಗವನ್ನು ಮೀರಿರಬೇಕೆಂಬ ನಿಯಮವನ್ನು ಹಿಡಿದರೆ, ಸವಾರನ 'ನಾಲ್ಕು ಮೊಳ'ವು ಕನಿಷ್ಠಪಕ್ಷ ಅಷ್ಟಾದರೂ ಇರಬೇಕು. ವಾಹನ ನಿಲ್ಲಲು ಬೇಕಾದ ದೂರ ಅದಕ್ಕೆ ಕೂಡುತ್ತದೆ. ಇರುವೆಯನ್ನು ಕಾಯಬೇಕೆಂದು ಮಕ್ಕಳಿಗೆ ಕಲಿಸುವ ತಂದೆಯು ಶಾಲೆಯ ಮುಂದೆ ವೇಗವಾಗಿ ವಾಹನ ಓಡಿಸಿದರೆ, ಮಗುವಿನ ಮನಸ್ಸಿನಲ್ಲಿ ಉಳಿಯುವ ಪಾಠ ಯಾವುದೆಂದು ಹೇಳಬೇಕಾಗಿಲ್ಲ.

ಇಲ್ಲಿ ಬಸದಿಗಳ ಆಡಳಿತ ಮಂಡಳಿಗಳೂ ಟ್ರಸ್ಟುಗಳೂ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಹೆದ್ದಾರಿಗಳಲ್ಲಿ ವಿಹಾರ ಮಾಡುತ್ತಿದ್ದ ತ್ಯಾಗಿಗಳು ವಾಹನ ಬಡಿದು ಪ್ರಾಣ ಕಳೆದುಕೊಂಡ ದುರ್ಘಟನೆಗಳು ದೇಶದ ನಾನಾ ಕಡೆಗಳಲ್ಲಿ ಆಗಿವೆ. ಇಂಥ ಸಂದರ್ಭಗಳಲ್ಲಿ ಚಾಲಕನ ಪ್ರಮಾದವನ್ನು ಹಳಿಯುವುದು ನ್ಯಾಯವೇ. ಆದರೆ ವಿಹಾರವು ಕತ್ತಲಿರುವಾಗಲೇ ಆರಂಭವಾಗುವ ಸ್ಥಿತಿ ಏಕೆ ಬರುತ್ತದೆಂಬುದನ್ನೂ ಕೇಳಿಕೊಳ್ಳಬೇಕು. ಬೇಸಗೆಯ ಟಾರು ರಸ್ತೆಯ ಕಾವು ಒಂದು ಕಾರಣ, ಅದು ಸಕಾರಣವೇ. ಮುಂದಿನ ಊರಿನಲ್ಲಿ ನಿಗದಿಯಾದ ಕಾರ್ಯಕ್ರಮದ ಮುಹೂರ್ತ, ಮುದ್ರಿಸಿ ಹಂಚಿದ ಆಮಂತ್ರಣಪತ್ರಿಕೆ, ಸ್ವಾಗತದ ಮೆರವಣಿಗೆಯ ಸಮಯ ಕಾರಣವಾದರೆ ಮಾತ್ರ ದೋಷವು ಶ್ರಾವಕರದು. ಉದ್ಯೋತಶುದ್ಧಿಯನ್ನು ಪಾಲಿಸಬೇಕೆಂದು ವ್ರತ ತೊಟ್ಟವರನ್ನು, ಅವರ ಗೌರವಕ್ಕೆಂದೇ ಏರ್ಪಡಿಸಿದ ಸಮಾರಂಭವು ಕತ್ತಲಲ್ಲಿ ನಡೆಸುವುದಾದರೆ ಆ ಗೌರವಕ್ಕೆ ಅರ್ಥವೇನು? ಸಮಂತಭದ್ರರು 'ತಿರುಗಿಸುವುದನ್ನೂ' ದೋಷದಲ್ಲಿ ಸೇರಿಸಿದ್ದು ಇಲ್ಲಿ ನೆನಪಾಗಬೇಕು. ದಿನದ ನಡಿಗೆಯನ್ನು ಕಡಿಮೆಮಾಡಿ ತಂಗುದಾಣಗಳನ್ನು ಹತ್ತಿರಹತ್ತಿರ ಒದಗಿಸುವುದು, ಹೆದ್ದಾರಿಯ ಬದಲು ಒಳದಾರಿಗಳನ್ನು ಮೊದಲೇ ನೋಡಿಡುವುದು, ಹಿಂದೆ ಮುಂದೆ ಎದ್ದುಕಾಣುವ ಉಡುಪಿನ ಸ್ವಯಂಸೇವಕರನ್ನು ಕಳುಹಿಸುವುದು, ಸಮಾರಂಭದ ವೇಳೆಯನ್ನು ಮುನಿಗಳ ನಡೆಗೆ ಹೊಂದಿಸುವುದು, ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಸಭಾಮಂಟಪಕ್ಕೆ ಹೂಮಾಲೆ ತೂಗುವುದಕ್ಕಿಂತ ಇವು ಹೆಚ್ಚಿನ ವೈಯಾವೃತ್ಯ.

ಇಷ್ಟೆಲ್ಲ ಹೇಳಿದ ಮೇಲೆ, ಎಡೆಬಿಡದ ಎಚ್ಚರವು ಮನುಷ್ಯನಿಗೆ ಸಾಧ್ಯವೇ ಎಂಬ ಸಂಶಯ ಉಳಿಯುತ್ತದೆ. ಗುಣಸ್ಥಾನಗಳ ವಿಚಾರವು ಇದಕ್ಕೆ ಸಮಾಧಾನ ಕೊಡುತ್ತದೆ. ಸಕಲಸಂಯಮಿಯಾದ ಮುನಿಯೂ ಆರನೆಯ ಪ್ರಮತ್ತಸಂಯತ ಮತ್ತು ಏಳನೆಯ ಅಪ್ರಮತ್ತಸಂಯತ ಗುಣಸ್ಥಾನಗಳ ನಡುವೆ ಅಂತರ್ಮುಹೂರ್ತಕ್ಕೊಮ್ಮೆ ಹತ್ತಿ ಇಳಿಯುತ್ತಿರುತ್ತಾನೆಂದು ಸಿದ್ಧಾಂತವು ಹೇಳುತ್ತದೆ. ಅಂದರೆ ಎಚ್ಚರ ಜಾರುವುದು ಸಾಧಕನಿಗೂ ತಪ್ಪಿದ್ದಲ್ಲ. ಜಾರಿದ್ದನ್ನು ತಿಳಿದು ಮರಳುವುದೇ ಸಾಧನೆ. ಸಾಮಾಯಿಕವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯನುಪಸ್ಥಾನ, ಮಾಡುತ್ತಿರುವುದರ ನೆನಪೇ ಇಲ್ಲದಿರುವುದು. ಈರ್ಯಾಪಥಶುದ್ಧಿಯ ಪಾಠವನ್ನೇ ಗಡಿಬಿಡಿಯಿಂದ, ಅರ್ಥದ ಅರಿವಿಲ್ಲದೆ ಒದರಿ ಮುಗಿಸುವವನು ಪ್ರಮಾದಕ್ಕೆ ಪ್ರಮಾದದಿಂದಲೇ ಪ್ರಾಯಶ್ಚಿತ್ತ ಮಾಡಿದಂತೆ.

ಶ್ರಾವಕನು ಇಡೀ ದಿನವನ್ನು ಒಮ್ಮೆಲೇ ಗೆಲ್ಲಬೇಕಾಗಿಲ್ಲ. ಮನೆಯಿಂದ ಬಸದಿಗೆ ಹೋಗುವ ದಾರಿಯೊಂದನ್ನು ಮೌನದಿಂದ, ನೆಲ ನೋಡುತ್ತ ನಡೆಯಬಹುದು. ಒಂದು ದಾರಿ ಕೈವಶವಾದ ಮೇಲೆ ಹೊಲದ ದಾರಿ, ಅಂಗಡಿಯ ದಾರಿಗಳನ್ನು ಸೇರಿಸಬಹುದು. ಸಂಜೆ ಒಂಬತ್ತು ಸಲ ಪಂಚನಮಸ್ಕಾರವನ್ನು ಇಪ್ಪತ್ತೇಳು ಉಸಿರುಗಳಲ್ಲಿ ನೆನೆಯುವ ಕಾಯೋತ್ಸರ್ಗಕ್ಕೆ ನಿಂತಾಗ, ಆ ದಿನ ಪಾದಗಳು ಎಲ್ಲೆಲ್ಲಿ ಅಲಕ್ಷ್ಯದಿಂದ ಬಿದ್ದವೆಂದು ನೆನಪಿಸಿಕೊಳ್ಳಬಹುದು.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಯಾತ್ರಿಕರು ಬರಿಗಾಲಿನಲ್ಲಿ ಹತ್ತುತ್ತಾರೆ. ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು ಮುಂಗೋಪಿಯನ್ನೂ ಮೆಲ್ಲಗೆ ನಡೆಸುತ್ತವೆ. ಪಾದರಕ್ಷೆ ಕಳಚಿದೊಡನೆ ಪಾದಕ್ಕೆ ನೆಲದ ಅರಿವು ಮರಳುತ್ತದೆ. ಕಣ್ಣು ತಾನಾಗಿಯೇ ಕೆಳಗಿಳಿಯುತ್ತದೆ. ಮೇಲೆ ನಿಂತಿರುವ ಗೊಮ್ಮಟೇಶ್ವರನ ಕಾಲುಗಳ ಬಳಿ ಹುತ್ತಗಳಿವೆ, ಹಾವುಗಳಿವೆ, ತೊಡೆತೋಳುಗಳನ್ನು ಬಳಸಿ ಏರಿದ ಬಳ್ಳಿಯಿದೆ. ಅವನು ಅವನ್ನು ಕದಲಿಸಲಿಲ್ಲ. ಅವು ಅವನಿಗೆ ಹೆದರಲಿಲ್ಲ. ಅಷ್ಟು ನಿಶ್ಚಲವಾಗಿ ನಿಲ್ಲುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಬೆಟ್ಟವಿಳಿದು, ಪಾದರಕ್ಷೆ ಮೆಟ್ಟಿ, ವಾಹನ ಹತ್ತುವ ಮೊದಲು, ಹತ್ತುವಾಗ ಇದ್ದ ಆ ಎಚ್ಚರವನ್ನು ಕೆಳಗೆ ಬಿಟ್ಟುಹೋಗದೆ ಊರಿಗೆ ಒಯ್ಯುವುದು ಪ್ರತಿಯೊಬ್ಬ ಯಾತ್ರಿಕನಿಗೂ ಸಾಧ್ಯ. ಹಾಗೆ ಒಯ್ದವನಿಗೆ ಯಾತ್ರೆಯು ಸಫಲವಾದಂತೆ.